ಹಟ್ಟವಿಲಾಸಿನಿ

ಹದಿನಾರನೆಯ ಶತಮಾನದ ಭಾವಮಿಶ್ರ ತನ್ನ ನಿಘಂಟಿನಲ್ಲಿ ಅರಿಶಿನಕ್ಕೆ ಒಂಬತ್ತು ಹೆಸರು ಕೊಟ್ಟಿದ್ದಾನೆ. ಬಂಗಾರದಂಥವಳಾದ್ದರಿಂದ ಕಾಂಚನಿ, ಹಳದಿಯಾದ್ದರಿಂದ ಪೀತಾ, ಒಳ್ಳೆಯ ಮೈಬಣ್ಣದವಳೆಂದು ವರವರ್ಣಿನಿ, ಇರುಳಿನ ಹೆಸರುಗಳೆಲ್ಲ ಇವಳಿಗೂ ಸಲ್ಲುತ್ತವೆಂದು ನಿಶಾಖ್ಯಾ, ಹೆಂಗಸರ ಮೆಚ್ಚಿನವಳೆಂದು ಯೋಷಿತ್‌ಪ್ರಿಯಾ. ಎಲ್ಲಕ್ಕಿಂತ ಸೊಗಸಾದ ಹೆಸರು ಹಟ್ಟವಿಲಾಸಿನಿ, ಅಂದರೆ ಸಂತೆಬೀದಿಯ ಬೆಡಗಿ. ಹುಳುವನ್ನು ಕೊಲ್ಲುವವಳು ಎಂಬ ಅರ್ಥದ ಕೃಮಿಘ್ನಿಯೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ರೋಗದ ಸುದ್ದಿಯೇ ಇಲ್ಲ. ಬರೆದವನು ಕವಿಯಲ್ಲ, ವೈದ್ಯ. ಬರೆದದ್ದು ಮದ್ದಿನ ಗ್ರಂಥ. ಅಂಥವನಿಗೂ ಅರಿಶಿನ ಎಂದಾಕ್ಷಣ ಮೊದಲು ಹೊಳೆದದ್ದು ಬಣ್ಣ, ಹೆಂಗಸು ಮತ್ತು ಅಂಗಡಿಸಾಲು. ಇಂದು ಅದೇ ಅರಿಶಿನ ಮಾತ್ರೆಯೊಳಗೆ ಸೇರಿ ಕೀಲುನೋವಿನಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಉತ್ತರವೆಂದು ಮಾರಾಟವಾಗುತ್ತಿದೆ, ಮತ್ತು ಇದು ನಮ್ಮ ಹಿರಿಯರಿಗೆ ಸಾವಿರಾರು ವರ್ಷದಿಂದ ಗೊತ್ತಿದ್ದ ಗುಟ್ಟು ಎಂಬ ಮಾತೂ ಜೊತೆಗೇ ಬರುತ್ತದೆ. ಹಿರಿಯರಿಗೆ ಗೊತ್ತಿದ್ದದ್ದು ಬೇರೆ ಎಂಬುದು ನನ್ನ ವಾದ. ಅರಿಶಿನ ತನ್ನ ದೀರ್ಘ ಚರಿತ್ರೆಯ ಬಹುಪಾಲನ್ನು ಮೇಲ್ಮೈಯ ಮೇಲೆ ಕಳೆದಿದೆ: ಚರ್ಮದ ಮೇಲೆ, ಹೊಸ್ತಿಲ ಮೇಲೆ, ಬಟ್ಟೆಯ ಅಂಚಿನ ಮೇಲೆ, ಗಾಯದ ಬಾಯಿಯ ಮೇಲೆ. ದಿನನಿತ್ಯ ನುಂಗಬೇಕಾದ ಸರ್ವರೋಗದ ಮದ್ದಾಗಿ ಅದು ಒಳಗೆ ಹೊಕ್ಕದ್ದು ತೀರ ಈಚೆಗೆ.

ಗಿಡದಿಂದಲೇ ಶುರುಮಾಡೋಣ. ಅರಿಶಿನ ಬೀಜ ಕಟ್ಟುವುದಿಲ್ಲ. ಎಲೆಗಳ ನಡುವಿನಿಂದ ಹೂತೆನೆ ಬರುತ್ತದೆ, ಚೆಂದವಾಗಿಯೇ ಇರುತ್ತದೆ, ಆದರೆ ವರ್ಣತಂತುಗಳ ಲೆಕ್ಕ ಮೂರರ ಗುಂಪಿನಲ್ಲಿರುವುದರಿಂದ ಅದು ಬಂಜೆ ಗಿಡ. ಗಡ್ಡೆಯನ್ನು ಯಾರಾದರೂ ಅಗೆದು, ಎತ್ತಿಟ್ಟು, ಇನ್ನೊಂದು ಮಣ್ಣಿನಲ್ಲಿ ಊರಿದರೆ ಮಾತ್ರ ಅದಕ್ಕೆ ಮುಂದಿನ ವರ್ಷವುಂಟು. ಹಕ್ಕಿ ಒಯ್ಯುವುದಿಲ್ಲ, ಗಾಳಿ ಹಾರಿಸುವುದಿಲ್ಲ, ಹೊಳೆ ತೇಲಿಸಿದರೂ ದೂರ ಹೋಗುವುದಿಲ್ಲ. ಅಂದರೆ ಲೋಕದಲ್ಲಿ ಎಲ್ಲೆಲ್ಲಿ ಅರಿಶಿನ ಬೆಳೆಯುತ್ತದೋ ಅಲ್ಲೆಲ್ಲ ಅದನ್ನು ಮನುಷ್ಯನ ಕೈಯೇ ಒಯ್ದಿದೆ. ಹಾಗೆ ಹೊತ್ತೊಯ್ದವರು ಅದರಲ್ಲಿ ಕಂಡದ್ದೇನು? ಹೊರಗಿನವರ ಬರಹಗಳನ್ನು ನೋಡಿದರೆ ಉತ್ತರ ಒಂದೇ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್, ಶುಂಠಿಯನ್ನು ಹೋಲುವ, ಅಗಿದರೆ ಕೇಸರಿಯಂತೆ ಬಣ್ಣ ಬಿಡುವ ಇಂಡಿಯಾದ ಒಂದು ಬೇರನ್ನು ವಿವರಿಸುತ್ತಾನೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲಿ ಇದು ಈ ನೆಲದ ಕೇಸರಿ. ಬ್ರೆಜಿಲಿನ ಪೋರ್ಚುಗೀಸ್ ಮಾತಿನಲ್ಲಿ ಆ ಹೆಸರು ಇನ್ನೂ ಉಳಿದಿದೆ. ಲಿನೇಯಸ್ 1753ರಲ್ಲಿ ಕುರ್ಕುಮ ಲೋಂಗ ಎಂದು ಹೆಸರಿಟ್ಟಾಗ ಆಧಾರವಾದದ್ದು ಅರಬ್ಬಿಯ ಕುರ್ಕುಮ್, ಅದೂ ಕೇಸರಿಯ ನೆಂಟಸ್ತಿಕೆಯ ಪದ. ದುಬಾರಿ ಬಣ್ಣಕ್ಕೆ ಸೋವಿಯ ಬದಲಿ ಎಂದೇ ಲೋಕ ಇದನ್ನು ಗುರುತಿಸಿತು. ನಮ್ಮದೇ ಮಾತೂ ಹೊರತಲ್ಲ. ಕನ್ನಡದಲ್ಲಿ ಬಣ್ಣಕ್ಕೆ ಬಳಸುವ ‘ಹಳದಿ’ ಬೇರೇನಲ್ಲ, ಸಂಸ್ಕೃತದ ಹರಿದ್ರಾ ಪ್ರಾಕೃತದ ದಾರಿಯಲ್ಲಿ ಸವೆದು ಬಂದದ್ದು. ತಮಿಳಿನಲ್ಲಿ ಗಡ್ಡೆಗೂ ಬಣ್ಣಕ್ಕೂ ಮಂಜಳ್ ಎಂಬ ಒಂದೇ ಮಾತು. ಶುಂಠಿಯಿಂದ ಯಾವ ಬಣ್ಣಕ್ಕೂ ಹೆಸರು ಬರಲಿಲ್ಲ, ಮೆಣಸಿನಿಂದಲೂ ಬರಲಿಲ್ಲ.

ಇದಕ್ಕಿಂತ ಹಳೆಯ ಸಾಕ್ಷ್ಯವಿದೆಯಲ್ಲ ಎಂದು ಯಾರಾದರೂ ತಡೆಯಬಹುದು. ಇದೆ. ಹರಿಯಾಣದ ಫರ್ಮಾನಾದಲ್ಲಿ ಹರಪ್ಪ ಕಾಲದ ಅಡುಗೆ ಮಡಕೆಗಳಲ್ಲೂ ಮನುಷ್ಯರ ಹಲ್ಲಿನಲ್ಲೂ ಅರಿಶಿನ, ಶುಂಠಿಗಳ ಪಿಷ್ಟದ ಕಣಗಳು ಸಿಕ್ಕಿವೆ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. ಇಸ್ರೇಲಿನ ಮೆಗಿದ್ದೋದಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಹಲ್ಲಿನ ಪಾಚಿಯಲ್ಲೂ ಅರಿಶಿನದ ಗುರುತು ಕಂಡಿತೆಂದು 2021ರಲ್ಲಿ ವರದಿಯಾಯಿತು. ಜನ ಅರಿಶಿನ ತಿನ್ನುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ತಿನ್ನುತ್ತಿದ್ದರು, ಸಾರಿಗೂ ಪಲ್ಯಕ್ಕೂ ಹಾಕುತ್ತಿದ್ದರು. ಆದರೆ ಹಲ್ಲಿನಲ್ಲಿ ಸಿಕ್ಕ ಪಿಷ್ಟ ತಿಂದದ್ದನ್ನು ಹೇಳುತ್ತದೆ, ತಿಂದದ್ದೇಕೆಂದು ಹೇಳುವುದಿಲ್ಲ. ಅದೇ ಮಡಕೆಯಲ್ಲಿದ್ದ ಶುಂಠಿಯನ್ನು ರುಚಿಗೆ ಹಾಕಿದರು, ಅರಿಶಿನವನ್ನು ಮಾತ್ರ ಆರೋಗ್ಯಕ್ಕೆ ಹಾಕಿದರು ಎನ್ನಲು ಆಧಾರವೇನು? ಇನ್ನೊಂದು ಸಾಕ್ಷಿಯಾಗಿ ಅಥರ್ವವೇದದ ರಜನಿಯನ್ನು ತರುತ್ತಾರೆ. ತೊನ್ನಿಗೆ ಮದ್ದಾಗಿ ಅಲ್ಲಿ ಒಂದು ಮೂಲಿಕೆಯನ್ನು ಕರೆಯಲಾಗಿದೆ. ರಜನಿ ಎಂದರೆ ಅರಿಶಿನ ಎಂದು ಹಲವರ ಮತ. ಸೂಕ್ತವೋ ಆ ಮೂಲಿಕೆಯನ್ನು ಇರುಳಲ್ಲಿ ಹುಟ್ಟಿದ್ದು, ಕಪ್ಪಾದದ್ದು ಎಂದು ಬಣ್ಣಿಸುತ್ತದೆ, ಅದು ಅರಿಶಿನಕ್ಕೆ ಒಪ್ಪುವ ಮಾತಲ್ಲ. ನೀಲಿಯ ಗಿಡವಿದ್ದರೂ ಇರಬಹುದು. ಆದರೆ ಈ ಜಗಳದಲ್ಲಿ ಯಾರು ಗೆದ್ದರೂ ನನ್ನ ವಾದಕ್ಕೆ ನಷ್ಟವಿಲ್ಲ. ಅಲ್ಲಿ ಮೂಲಿಕೆಯಿಂದ ಕೇಳುತ್ತಿರುವುದು ಬಿಳಿಚಿದ ಚರ್ಮಕ್ಕೆ ಬಣ್ಣ ಹಿಂದಿರುಗಿಸು ಎಂದು. ಬಣ್ಣ ಬಳಿಯುವುದು ಎಂಬ ಧಾತುವಿನಿಂದಲೇ ಹೊರಟ ಹೆಸರು ಅದು.

ಈ ಬಣ್ಣ ಸುಮ್ಮನೆ ಕೂರುವ ಬಣ್ಣವಲ್ಲ, ಅದೇ ಅದರ ಹೆಚ್ಚುಗಾರಿಕೆ. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿ ಹಳದಿ ಕಲೆಯಾದಾಗ ಬಟ್ಟೆಸೋಪು ತಿಕ್ಕಿ ನೋಡಿ: ಕಲೆ ಹೋಗುವ ಬದಲು ರಕ್ತದಂತೆ ಕೆಂಪಾಗುತ್ತದೆ. ನೀರು ಹಾಕಿ ಜಾಲಿಸಿದರೆ ಕೆಂಪು ಇಳಿದು ಮತ್ತೆ ಹಳದಿ. ತಂತಿಯ ಮೇಲೆ ಬಿಸಿಲಿಗೆ ಹಾಕಿ ಒಂದೆರಡು ದಿನ ಬಿಟ್ಟರೆ ಅದೂ ಮಾಯ. ಸೋಪಿನ ಕ್ಷಾರ ಬಣ್ಣದ ಅಣುವನ್ನು ಬದಲಿಸಿತು, ನೀರು ಕ್ಷಾರವನ್ನು ತೊಳೆಯಿತು, ಬಿಸಿಲು ಅಣುವನ್ನೇ ಮುರಿಯಿತು. ಯುರೋಪಿನ ಪ್ರಯೋಗಶಾಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅರಿಶಿನದ ಕಾಗದವನ್ನು ಕ್ಷಾರ ಪತ್ತೆಗೆ ಬಳಸಿದವು. ನಮ್ಮ ಮನೆಗಳಲ್ಲಿ ಅದೇ ಪ್ರಯೋಗ ಓಕುಳಿಯ ಹೆಸರಿನಲ್ಲಿ ನಡೆಯುತ್ತಲೇ ಇತ್ತು. ಅರಿಶಿನ ಕದಡಿದ ತಟ್ಟೆಯ ನೀರಿಗೆ ಉಗುರಿನಷ್ಟು ಸುಣ್ಣ ಬಿದ್ದರೆ ಸಾಕು, ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಮದುಮಕ್ಕಳಿಗೂ ಬಾಣಂತಿಗೂ ದೃಷ್ಟಿ ತೆಗೆಯುವ ಆರತಿ ಇದೇ. ಕುಂಕುಮದ ಕೆಲಸ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಸುಣ್ಣದ ಕೆಂಪು ಚಂಚಲ, ಮೇಲೆ ನಿಂಬೆ ಹಿಂಡಿದರೆ ಹಿಂದಿರುಗಿ ಹಳದಿಯಾಗುತ್ತದೆ. ನಿಲ್ಲುವ ಕೆಂಪು ಬೇಕಾದವರು ಅರಿಶಿನದ ಚೂರುಗಳನ್ನು ನಿಂಬೆರಸದಲ್ಲಿ ಬಿಳಿಗಾರದ ಜೊತೆ ನೆನೆಸಿ, ಒಣಗಿಸಿ, ಕುಟ್ಟಿ ಜರಡಿ ಹಿಡಿದರು. ಹುಳಿಯ ಸಮ್ಮುಖದಲ್ಲಿ ಬಿಳಿಗಾರದ ಬೋರಾನ್ ಅರಿಶಿನದ ಅಣುವನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಮಣ್ಣಿನ ಬೋರಾನ್ ಅಳೆಯಲು ಕೃಷಿ ವಿಜ್ಞಾನಿಗಳು ಹಿಡಿದ ವಿಧಾನದ ಬುಡದಲ್ಲಿರುವುದೂ ಇದೇ ಕ್ರಿಯೆ. ಸುಣ್ಣವೇ ಸಾಲದು, ಬಿಳಿಗಾರವೇ ಬೇಕು, ಅದೂ ಹುಳಿಯೊಡನೆ ಎಂದು ಕಂಡುಕೊಂಡವರು ಯಾರೋ ಹೆಸರಿಲ್ಲದ ಜನ, ಬಹುಶಃ ಹೆಂಗಸರು. ನಮ್ಮ ಪರಂಪರೆಯ ವಿಜ್ಞಾನ ಎಂದು ಹೆಮ್ಮೆಪಡಲು ಅರಿಶಿನದಲ್ಲಿ ಏನಾದರೂ ಇದ್ದರೆ ಮೊದಲು ಇದಿದೆ. ಇದನ್ನು ಯಾರೂ ಮಾತ್ರೆಯ ಡಬ್ಬಿಯ ಮೇಲೆ ಅಚ್ಚು ಹಾಕುವುದಿಲ್ಲ, ಅಷ್ಟೆ.

ಬಣ್ಣಕ್ಕೆ ಇಷ್ಟು ಶಕ್ತಿಯಿದ್ದ ಮೇಲೆ ಅದು ಗುರುತಾಗದೆ ಇರುತ್ತದೆಯೇ. ಹೊಸ ಬಟ್ಟೆಯ ತುದಿಗೆ ಬೊಟ್ಟು ಅರಿಶಿನ, ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ, ಹೊಸ್ತಿಲಿಗೆ ಅರಿಶಿನ, ಬಾಗಿನದ ಮೊರಕ್ಕೆ ಅರಿಶಿನ. ಬಂಗಾರವಿಲ್ಲದ ಮನೆಯಲ್ಲಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬೇ ತಾಳಿ. ವಿಗ್ರಹವಿಲ್ಲದ ಕಡೆ ಅರಿಶಿನದ ಮುದ್ದೆಯೇ ಗೌರಿ. ಮಗಳ ಹೆಸರಿಗೆ ತವರಿನವರು ಬಿಟ್ಟುಕೊಟ್ಟ ತುಂಡು ಭೂಮಿಯನ್ನು ‘ಅರಿಶಿನ ಕುಂಕುಮಕ್ಕೆ ಕೊಟ್ಟದ್ದು’ ಎನ್ನುವ ವಾಡಿಕೆ ನಮ್ಮಲ್ಲೂ ಇದೆ, ಪಸುಪು ಕುಂಕುಮ ಎಂಬ ಹೆಸರಿನಲ್ಲಿ ತೆಲುಗರಲ್ಲೂ ಇದೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 2019ರ ಚುನಾವಣೆಯ ಹೊಸ್ತಿಲಲ್ಲಿ ಆಂಧ್ರದ ಸರ್ಕಾರ ಸ್ವಸಹಾಯ ಸಂಘಗಳ ಹೆಂಗಸರಿಗೆ ಹಣ ಹಂಚಿದಾಗ ಆ ಯೋಜನೆಗಿಟ್ಟ ಹೆಸರೂ ಅದೇ. ಇವೆಲ್ಲದರ ಹಿಂದೆ ಆರೋಗ್ಯದ ಜ್ಞಾನ ಅಡಗಿದೆ ಎಂಬ ವಿವರಣೆ ಈಗ ಬಹಳ ಚಾಲ್ತಿಯಲ್ಲಿದೆ. ಅರಿಶಿನ ಸೋಂಕು ನಿವಾರಕ, ಅದಕ್ಕೇ ಹೊಸ್ತಿಲಿಗೆ ಬಳಿದರು. ಚರ್ಮಕ್ಕೆ ಒಳ್ಳೆಯದು, ಅದಕ್ಕೇ ಹೆಂಗಸರು ಕೆನ್ನೆಗೆ ಹಚ್ಚಿಕೊಂಡರು. ಕೇಳಲು ಚೆನ್ನಾಗಿದೆ. ಆದರೆ ಈ ವಿವರಣೆ ಒಂದೇ ಒಂದು ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ: ಗಂಡ ಸತ್ತ ಮರುದಿನದಿಂದ ಹೆಣ್ಣಿನ ಚರ್ಮಕ್ಕೆ ಸೋಂಕು ತಗಲುವುದಿಲ್ಲವೇ? ಆರೋಗ್ಯವೇ ಉದ್ದೇಶವಾಗಿದ್ದರೆ, ತಲೆ ಬೋಳಿಸಿ, ಒಪ್ಪೊತ್ತು ಉಣಿಸಿ, ಮೂಲೆಗೆ ಕೂರಿಸಿದ ವಿಧವೆಗೇ ಅದು ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಅವಳಿಂದಲೇ ಅದನ್ನು ಕಿತ್ತುಕೊಂಡರು. ಮದ್ದನ್ನು ಹೀಗೆ ಯಾರೂ ಕಿತ್ತುಕೊಳ್ಳುವುದಿಲ್ಲ; ಕಿತ್ತುಕೊಳ್ಳುವುದು ಪದವಿಯ ಗುರುತನ್ನು. ಅದೇ ಮನೆಯ ಗಂಡಸಿಗೆ ಮದುವೆ, ಮುಂಜಿಯಂಥ ಒಂದೆರಡು ದಿನ ಬಿಟ್ಟರೆ ದಿನವೂ ಕೆನ್ನೆಗೆ ಅರಿಶಿನ ಹಚ್ಚುವ ನಿಯಮ ಇರಲೇ ಇಲ್ಲ, ಅವನಿಗೂ ಚರ್ಮವಿತ್ತು. ಗಂಡಸರು ಅರಿಶಿನವನ್ನು ಹೆಮ್ಮೆಯಿಂದ ಧರಿಸುವ ಪರಂಪರೆ ಬೇರೊಂದು ಕಡೆ ಇದೆ: ಮೈಲಾರಲಿಂಗನ ಗೊರವಯ್ಯ ಹೆಗಲಿನ ಚೀಲದಿಂದ ಭಂಡಾರ ತೆಗೆದು ಬಂದವರ ಹಣೆಗೆ ಬಳಿಯುತ್ತಾನೆ, ಜಾತ್ರೆಯಲ್ಲಿ ಮುಗಿಲಿಗೆ ತೂರುತ್ತಾರೆ, ಮಹಾರಾಷ್ಟ್ರದ ಜೇಜುರಿಯಲ್ಲಂತೂ ಗುಡಿಯ ಮೆಟ್ಟಿಲುಗಳೇ ಹಳದಿಯಾಗುತ್ತವೆ. ಅಲ್ಲೂ ಅದು ಒಕ್ಕಲಿನ ಗುರುತು. ಭಂಡಾರ ತೂರುವವರು ಚರ್ಮರೋಗದ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಹಾಗಾದರೆ ಆಯುರ್ವೇದ? ಚರಕ, ಸುಶ್ರುತರು ಹರಿದ್ರೆಯನ್ನು ಹತ್ತಾರು ಕಡೆ ಹೇಳಿಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹೇಳಿದ್ದಾರೆ. ಚರಕನ ದ್ರವ್ಯಗಣಗಳಲ್ಲಿ ಅರಿಶಿನ ಚರ್ಮರೋಗ ಕಳೆಯುವ ಗುಂಪಿನಲ್ಲೂ ವಿಷ ಕಳೆಯುವ ಗುಂಪಿನಲ್ಲೂ ಕೊಬ್ಬು ಕರಗಿಸುವ ಗುಂಪಿನಲ್ಲೂ ಬರುತ್ತದೆ. ಪ್ರಮೇಹಕ್ಕೆ ಅರಿಶಿನವೂ ನೆಲ್ಲಿಯೂ ಶ್ರೇಷ್ಠ ಎಂದು ವಾಗ್ಭಟ ಹೇಳಿದ್ದು ಒಳಗೆ ಸೇವಿಸುವ ಮದ್ದನ್ನೇ. ಆದರೆ ಆ ಗ್ರಂಥಗಳನ್ನು ಓದುವಾಗ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಅರಿಶಿನ ಅಲ್ಲಿ ಬಹುಪಾಲು ಗುಂಪಿನಲ್ಲೊಂದು, ಒಂಟಿ ನಾಯಕನಲ್ಲ. ಮರದರಿಶಿನ, ಬೇವು, ತ್ರಿಫಲೆ, ಲೋಧ್ರಗಳ ಜೊತೆ ಲೇಪಕ್ಕೂ ತೈಲಕ್ಕೂ ಕಷಾಯಕ್ಕೂ ಸೇರುವ ಪದಾರ್ಥ. ಮತ್ತು ಅದನ್ನು ಕೊಡುವುದು ರೋಗಿಗೆ, ಇಂಥ ರೋಗಕ್ಕೆ, ಇಷ್ಟು ದಿನ, ಇಂಥ ಪಥ್ಯದೊಡನೆ. ಆರೋಗ್ಯವಂತ ಮನುಷ್ಯ ಮುಂದೆಂದಾದರೂ ಕಾಯಿಲೆ ಬಂದೀತು ಎಂದು ಬದುಕಿಡೀ ದಿನಕ್ಕೊಂದರಂತೆ ನುಂಗುವ ಪದ್ಧತಿ ಆ ಶಾಸ್ತ್ರದ್ದಲ್ಲ, ಅದು ವಿಟಮಿನ್ ಮಾತ್ರೆಯ ಯುಗದ ಅಭ್ಯಾಸ. ಮನೆಮದ್ದಿನ ಲೋಕದಲ್ಲೂ ಪಾಲು ಹೀಗೇ ಇತ್ತು. ಕೊಯ್ದ ಬೆರಳಿಗೆ ಅರಿಶಿನ, ಉಳುಕಿದ ಕಾಲಿಗೆ ಅರಿಶಿನದ ಬಿಸಿ ಪಟ್ಟು, ಅಮ್ಮ ಎದ್ದ ಮಕ್ಕಳಿಗೆ ಬೇವು ಅರಿಶಿನದ ಲೇಪ, ಕೆಟ್ಟ ನೆಗಡಿಗೆ ಕೆಂಡದ ಮೇಲೆ ಸುಟ್ಟ ಕೊಂಬಿನ ಹೊಗೆ. ಕೆಮ್ಮಿಗೆ ಕುಡಿಯುವ ಅರಿಶಿನದ ಹಾಲು ಒಳಗಿನ ಮದ್ದೇ ಹೌದು, ಆದರೆ ಅದೂ ಸವರಬೇಕಾಗಿದ್ದದ್ದು ಗಂಟಲನ್ನು. ಕೆಮ್ಮು ನಿಂತ ಮೇಲೆ ಹಾಲು ಮತ್ತೆ ಬಿಳಿಯಾಗುತ್ತಿತ್ತು.

ಒಳಕ್ಕೆ ಹೋಗುವ ದಾರಿ ತೆರೆದದ್ದು ಬೇರೆ ಕಡೆಯಿಂದ. 1815ರಲ್ಲಿ ಫೋಗೆಲ್ ಮತ್ತು ಪೆಲೆತಿಯೆ ಅರಿಶಿನದ ಹಳದಿ ದ್ರವ್ಯವನ್ನು ಬೇರ್ಪಡಿಸಿ ಕುರ್ಕುಮಿನ್ ಎಂದರು. ಅವರು ಹುಡುಕುತ್ತಿದ್ದದ್ದೂ ಬಣ್ಣವನ್ನೇ. ಅದರ ರಚನೆ ತಿಳಿದದ್ದು 1910ರಲ್ಲಿ. 1949ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂಬ ಟಿಪ್ಪಣಿ ಬಂತು, 1973ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದ ಶ್ರೀಮಲ್ ಮತ್ತು ಧವನ್ ಪ್ರಾಣಿಗಳಲ್ಲಿ ಅದರ ಉರಿಯೂತ ನಿವಾರಕ ಗುಣವನ್ನು ತೋರಿಸಿದರು. ಅಲ್ಲಿಂದಾಚೆಗೆ ಪ್ರಯೋಗಶಾಲೆಗಳ ಬಟ್ಟಲುಗಳಲ್ಲಿ ಕುರ್ಕುಮಿನ್ ಮುಟ್ಟದ ರೋಗವಿಲ್ಲ. ನಮ್ಮಲ್ಲಿ ಇದಕ್ಕೆ ದೇಶಾಭಿಮಾನದ ಮೆರುಗು ಕೊಟ್ಟದ್ದು ಪೇಟೆಂಟ್ ಪ್ರಕರಣ. 1995ರ ಮಾರ್ಚಿನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ವಾಸಿಮಾಡಲು ಅರಿಶಿನ ಬಳಸುವುದರ ಮೇಲೆ ಅಮೆರಿಕ ಪೇಟೆಂಟ್ ಕೊಟ್ಟಿತು. ವಿಜ್ಞಾನಿ ಮಾಶೇಲ್ಕರ್ ಅವರ ನೇತೃತ್ವದ, ಭಾರತ ಸರ್ಕಾರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿ ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನವೂ ಸೇರಿದಂತೆ 32 ದಾಖಲೆಗಳನ್ನು ಮಂಡಿಸಿತು. 1997ರ ಆಗಸ್ಟಿನಲ್ಲಿ ಪೇಟೆಂಟ್ ಬಿದ್ದುಹೋಯಿತು. ಗೆದ್ದದ್ದು ಸರಿ, ಗೆಲ್ಲಲೇಬೇಕಿತ್ತು. ಆದರೆ ಆ ಗೆಲುವು ಹೇಳಿದ್ದೇನು ಎಂಬುದನ್ನು ನಾವು ಮರೆತೆವು. ಗಾಯಕ್ಕೆ ಅರಿಶಿನ ಹಚ್ಚುವುದು ಭಾರತಕ್ಕೆ ಹೊಸತಲ್ಲ ಎಂದಷ್ಟೇ ಅಲ್ಲಿ ಸಾಬೀತಾದದ್ದು. ಪೇಟೆಂಟ್ ಕಚೇರಿ ನೋಡುವುದು ಮೊದಲು ಯಾರಿಗೆ ಗೊತ್ತಿತ್ತು ಎಂಬುದನ್ನು, ಎಷ್ಟು ರೋಗ ವಾಸಿಯಾಗುತ್ತದೆ ಎಂಬುದನ್ನಲ್ಲ. ನಮ್ಮ ಜನರ ನೆನಪಿನಲ್ಲಿ ಮಾತ್ರ ಅದು, ಅರಿಶಿನ ಮಹೌಷಧವೆಂದು ಅಮೆರಿಕವೇ ಒಪ್ಪಿದ ಕಥೆಯಾಗಿ ಕುಳಿತಿದೆ.

ಮರುವರ್ಷವೇ ಬೆಂಗಳೂರಿನಿಂದ ಒಂದು ಪ್ರಬಂಧ ಹೊರಬಂತು, ಇಂದಿನ ಮಾತ್ರೆಗಳ ಡಬ್ಬಿಯ ಮೇಲಿನ ‘ಮೆಣಸಿನ ಸಾರದೊಂದಿಗೆ’ ಎಂಬ ಸಾಲಿಗೆ ಅದೇ ಮೂಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಸ್ವಯಂಸೇವಕರಿಗೆ 2 ಗ್ರಾಂ ಕುರ್ಕುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಸಿಕ್ಕಿತು ಎನ್ನಲೂ ಆಗದಷ್ಟು ಕಡಿಮೆ ಇತ್ತು. ಜೊತೆಗೆ ಮೆಣಸಿನ ಖಾರದ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಲಭ್ಯತೆ ಶೇ. 2000ದಷ್ಟು ಏರಿತು. ಈ ಎರಡನೆಯ ಅಂಕಿ ಲೋಕವೆಲ್ಲ ಸುತ್ತಿತು, ಮೊದಲನೆಯದು ಬೆಂಗಳೂರಲ್ಲೇ ಉಳಿಯಿತು. ಮೊದಲನೆಯದೇ ಮುಖ್ಯ ಎಂದು ನನಗನ್ನಿಸುತ್ತದೆ. ಎರಡು ಗ್ರಾಂ ಕುರ್ಕುಮಿನ್ ಎಂದರೆ, ನೂರು ಗ್ರಾಂ ಪುಡಿಯಲ್ಲಿ ಮೂರು ಗ್ರಾಂ ಇರುತ್ತದೆಂದು ಹಿಡಿದರೆ, ಸುಮಾರು 67 ಗ್ರಾಂ ಅರಿಶಿನ. ಒಂದು ಮನೆ ಸಾರಿಗೂ ಹುಳಿಗೂ ವಾರಗಟ್ಟಲೆ ಬಳಸುವಷ್ಟನ್ನು ಒಬ್ಬನೇ ಒಂದೇ ಸಲಕ್ಕೆ ನುಂಗಿದರೂ ಅದು ರಕ್ತವನ್ನು ತಲುಪುವುದಿಲ್ಲ. ಸಾರಿಗೆ ಅರಿಶಿನದ ಜೊತೆ ಮೆಣಸನ್ನೂ ಹಾಕಿದ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎನ್ನುವವರಿಗೆ ಉತ್ತರವೂ ಈ ಲೆಕ್ಕದಲ್ಲೇ ಇದೆ: ಮೆಣಸು ಸಾಕಷ್ಟು ಬೀಳುತ್ತಿತ್ತು, ಅರಿಶಿನ ಚಿಟಿಕೆ ಬೀಳುತ್ತಿತ್ತು. ಚಿಟಿಕೆಯನ್ನು ಇಪ್ಪತ್ತು ಪಟ್ಟು ಮಾಡಿದರೂ ಸೊನ್ನೆಯ ಹತ್ತಿರವೇ. ಇನ್ನು, ಪೈಪರಿನ್ ಈ ಕೆಲಸ ಮಾಡುವುದು ಬೇಡದ್ದನ್ನು ಹೊರಹಾಕುವ ಯಕೃತ್ತಿನ ಕೈಯನ್ನು ಹಿಡಿದು. ಆ ಕೈ ಉಳಿದ ಔಷಧಗಳಿಗೂ ಬೇಕಾದ ಕೈ.

ರಕ್ತಕ್ಕೆ ಇಳಿಯದ ವಸ್ತು ಪ್ರಯೋಗಶಾಲೆಯಲ್ಲಿ ಅಷ್ಟೊಂದು ರೋಗಗಳ ಮೇಲೆ ಹೇಗೆ ಕೆಲಸ ಮಾಡಿತು ಎಂಬ ಪ್ರಶ್ನೆಗೆ 2017ರಲ್ಲಿ ಔಷಧ ರಸಾಯನಶಾಸ್ತ್ರದ ಪ್ರಮುಖ ಅಮೆರಿಕನ್ ಪತ್ರಿಕೆಯೊಂದರ ದೀರ್ಘ ವಿಮರ್ಶೆ ಉತ್ತರ ಕೊಟ್ಟಿತು. ಬೆಳಕು ಬಿದ್ದಾಗ ಕುರ್ಕುಮಿನ್ ತಾನೂ ಬೆಳಕು ಸೂಸುತ್ತದೆ, ಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ದ್ರಾವಣದಲ್ಲಿ ಬೇಗ ಒಡೆದುಹೋಗುತ್ತದೆ. ಬಣ್ಣ ಮತ್ತು ಬೆಳಕನ್ನೇ ಅಳೆದು ಫಲಿತಾಂಶ ಕೊಡುವ ಪರೀಕ್ಷೆಗಳನ್ನು ಇದು ಸುಲಭವಾಗಿ ಮೋಸಗೊಳಿಸುತ್ತದೆ. ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ ಹುಸಿಮಾತ್ರೆಯೊಡನೆ ಹೋಲಿಸಿ ಕಟ್ಟುನಿಟ್ಟಾಗಿ ನಡೆಸಿದ ಒಂದೂ ಗೆದ್ದಿಲ್ಲ ಎಂಬುದು ಆ ಲೇಖಕರ ತೀರ್ಮಾನ. ಹಟ್ಟವಿಲಾಸಿನಿ ಪ್ರಯೋಗಶಾಲೆಯಲ್ಲೂ ಬೆಡಗಿನಿಂದಲೇ ಕಣ್ಣು ಕಟ್ಟಿದಳು. ಈ ತೀರ್ಮಾನ ತುಸು ಬಿರುಸಾಯಿತು ಎನ್ನುವವರಿದ್ದಾರೆ, ಅವರ ಕೈಯಲ್ಲೂ ಪುರಾವೆಯಿದೆ. ಥಾಯ್ಲೆಂಡಿನಲ್ಲಿ ಮಂಡಿನೋವಿನ 367 ಜನರಿಗೆ ಅರಿಶಿನದ ಸಾರ ಅಥವಾ ಐಬುಪ್ರೊಫೆನ್ ಕೊಟ್ಟಾಗ ನಾಲ್ಕು ವಾರದಲ್ಲಿ ಎರಡೂ ಸರಿಸುಮಾರು ಒಂದೇ ಉಪಶಮನ ಕೊಟ್ಟವೆಂದು 2014ರಲ್ಲಿ ಪ್ರಕಟವಾಯಿತು. ಅಜೀರ್ಣಕ್ಕೆ ಕುರ್ಕುಮಿನ್ ಒಮೆಪ್ರಜೋಲಿಗೆ ಸಮನಾಯಿತೆಂದು 2023ರಲ್ಲಿ ಅದೇ ದೇಶದಿಂದ ವರದಿ ಬಂತು. ಎರಡರಲ್ಲೂ ಹುಸಿಮಾತ್ರೆಯ ಗುಂಪಿರಲಿಲ್ಲ, ಆದರೂ ಇವನ್ನು ಬದಿಗೊತ್ತುವುದು ನ್ಯಾಯವಲ್ಲ. ಕೀಲಿನ ನೋವಿಗೂ ಹೊಟ್ಟೆಯುರಿಗೂ ಅರಿಶಿನದ ಸಾರ ಒಂದಿಷ್ಟು ನೆರವಾಗಬಹುದು. ಹೊಟ್ಟೆಯ ಒಳಗೋಡೆಯಂತೂ ಒಂದು ಮೇಲ್ಮೈಯೇ, ಅಲ್ಲಿಗೆ ತಲುಪಲು ರಕ್ತದ ಹಂಗು ಬೇಕಿಲ್ಲ. ಇದರಾಚೆಯ ಆಶ್ವಾಸನೆಗಳಿಗೆ ಬೆಲೆ ಕಟ್ಟುವಾಗ ಇನ್ನೊಂದು ಲೆಕ್ಕವನ್ನೂ ಮುಂದಿಟ್ಟುಕೊಳ್ಳಬೇಕು: 2004 ಮತ್ತು 2022ರ ನಡುವೆ ಅಮೆರಿಕದ ಯಕೃತ್ ಹಾನಿ ಅಧ್ಯಯನ ಜಾಲ ಅರಿಶಿನದ ಮಾತ್ರೆಗಳಿಗೆ ಸಂಬಂಧಿಸಿದ 10 ಪ್ರಕರಣಗಳನ್ನು ದಾಖಲಿಸಿತು, ಅದರಲ್ಲಿ ಒಬ್ಬರು ತೀರಿಕೊಂಡರು. ಚಿಟಿಕೆ ಅರಿಶಿನದ ಸಾರು ಉಂಡು ಯಾರಿಗೂ ಹಾಗಾಗಲಿಲ್ಲ. ಅದೇ ಗಡ್ಡೆ, ಅದೇ ಅಣು, ಆದರೆ ಡಬ್ಬಿಯೊಳಗಿನದು ಬೇರೆಯದೇ ಪದಾರ್ಥ.

ಹಾಗೆಂದು ಅಡುಗೆಮನೆಯ ಅರಿಶಿನ ವ್ಯರ್ಥವೆಂದು ಅರ್ಥವಲ್ಲ. ಮದ್ದೆಂಬ ಭಾರ ಇಳಿಸಿದ ಮೇಲೆ ಅದರ ನಿಜವಾದ ಉಪಯೋಗಗಳು ಸಲೀಸಾಗಿ ಕಾಣುತ್ತವೆ. ಬೇಳೆಯ ಬೂದುಬಣ್ಣವನ್ನು ಮುಚ್ಚುತ್ತದೆ, ಮೀನಿನ ಹಸಿ ವಾಸನೆಯನ್ನು ತಗ್ಗಿಸುತ್ತದೆ, ಒಗ್ಗರಣೆಯ ಎಣ್ಣೆಗೆ ಬಿದ್ದೊಡನೆ ಮಣ್ಣಿನದೊಂದು ಕಮಟನ್ನು ಬಿಡುತ್ತದೆ. ಎಲೆಯ ಪರಿಮಳವಂತೂ ಗಡ್ಡೆಗೂ ಇಲ್ಲ: ಕರಾವಳಿಯಲ್ಲಿ ನಾಗರಪಂಚಮಿಗೆ ಅರಿಶಿನದ ಎಲೆಯ ಮೇಲೆ ಅಕ್ಕಿಹಿಟ್ಟು ತೆಳ್ಳಗೆ ಸವರಿ, ಬೆಲ್ಲ ಕಾಯಿ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸಿದ ಕಡುಬಿನಲ್ಲಿ ಹಳದಿ ಬಣ್ಣ ಎಳ್ಳಷ್ಟೂ ಇರುವುದಿಲ್ಲ, ಪಾತ್ರೆಯ ಮುಚ್ಚಳ ತೆಗೆದರೆ ಮನೆಯೆಲ್ಲ ಅರಿಶಿನ. ನನ್ನ ವಾದಕ್ಕೆ ಇದೊಂದು ಅಪವಾದ, ಅಪವಾದವಾಗಿಯೇ ಇರಲಿ.

ಬಣ್ಣವೇ ಅರಿಶಿನದ ಜೀವ ಎಂಬುದನ್ನು ಎಂದೂ ಮರೆಯದವರು ಬೆಳೆಗಾರರು ಮತ್ತು ದಲ್ಲಾಳಿಗಳು. ಎಂಟೊಂಬತ್ತು ತಿಂಗಳ ಬೆಳೆ. ಎಲೆ ಒಣಗಿ ಬಿದ್ದ ಮೇಲೆ ಗಡ್ಡೆ ಕಿತ್ತು, ತಾಯಿಗಡ್ಡೆ ಬೇರೆ, ಕೊಂಬು ಬೇರೆ ಮಾಡಿ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ. ನೊರೆ ಉಕ್ಕಿ, ಘಮಲು ಎದ್ದು, ಚುಚ್ಚಿದ ಕಡ್ಡಿ ಸಲೀಸಾಗಿ ಇಳಿದರೆ ಹದ. ಬೆಂದ ಕೊಂಬು ಮತ್ತೆ ಮೊಳೆಯುವುದಿಲ್ಲ, ಬೇಗ ಒಣಗುತ್ತದೆ, ಮುಖ್ಯವಾಗಿ ಬಣ್ಣ ಒಳಗೆಲ್ಲ ಒಂದೇ ಸಮ ಹರಡುತ್ತದೆ; ಹೆಚ್ಚು ಬೆಂದರೆ ಅದೇ ಬಣ್ಣ ಕೆಡುತ್ತದೆ. ಹತ್ತು ಹದಿನೈದು ದಿನ ಬಿಸಿಲು ಕಂಡ ಮೇಲೆ ನೂರು ಕಿಲೋ ಹಸಿಯಲ್ಲಿ ಇಪ್ಪತ್ತರ ಆಸುಪಾಸು ಉಳಿಯುತ್ತದೆ. ಆಮೇಲೆ ಪೀಪಾಯಿಯಲ್ಲಿ ತಿರುಗಿಸಿ ಸಿಪ್ಪೆ ಉಜ್ಜಿ ಹೊಳಪು ಕೊಡಬೇಕು. ಚಾಮರಾಜನಗರ, ಗುಂಡ್ಲುಪೇಟೆಯ ರೈತರ ಅರಿಶಿನ ಈರೋಡಿಗೆ ಹೋಗುತ್ತದೆ, ಬೆಳಗಾವಿ ಕಡೆಯದು ಸಾಂಗ್ಲಿಗೆ. ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ನೆಲದಡಿಯ ಹಗೇವುಗಳಲ್ಲಿ ಅರಿಶಿನ ಇಡುತ್ತಿದ್ದರು, ಗಾಳಿಯಾಡದ ಆ ಕತ್ತಲಲ್ಲಿ ಹುಳುವೂ ಬೀಳದು, ಬಣ್ಣವೂ ಇಳಿಯದು. 2005ರ ಕೃಷ್ಣೆಯ ನೆರೆ ಅವುಗಳಿಗೆ ನುಗ್ಗಿ ಬಹಳಷ್ಟನ್ನು ಹಾಳುಮಾಡಿತು.

ನೆರೆ ಮತ್ತು ಬಣ್ಣದ ನಂಟಿಗೆ ಇನ್ನೂ ಕರಾಳ ಅಧ್ಯಾಯ ಬಾಂಗ್ಲಾದೇಶದಲ್ಲಿದೆ. 1980ರ ದಶಕದ ಮಹಾಪೂರದಲ್ಲಿ ನೆನೆದು ಮಂಕಾದ ಕೊಂಬುಗಳಿಗೆ ಹೊಳಪು ಕೊಡಲು ಅಲ್ಲಿ ಉಜ್ಜುವಾಗ ಸೀಸದ ಕ್ರೋಮೇಟ್ ಪುಡಿ ಸೇರಿಸುವ ಚಾಳಿ ಶುರುವಾಯಿತು. ಅದು ಪೀಠೋಪಕರಣ, ಆಟಿಕೆಗಳಿಗೆ ಬಳಿಯುವ ಹಳದಿ. ಗರ್ಭಿಣಿಯರ ರಕ್ತದಲ್ಲಿ ಸೇರಿದ್ದ ಸೀಸ ಅರಿಶಿನದ್ದೇ ಎಂದು ಸಂಶೋಧಕರು 2019ರಲ್ಲಿ ಗುರುತಿಸಿದರು. ಸರ್ಕಾರ ದಾಳಿ, ದಂಡ, ಪ್ರಚಾರಕ್ಕಿಳಿದ ಮೇಲೆ ಮಾರುಕಟ್ಟೆಯಲ್ಲಿ ಸೀಸ ಪತ್ತೆಯಾದ ಮಾದರಿಗಳ ಪಾಲು ಶೇ. 47ರಿಂದ ಎರಡು ವರ್ಷದಲ್ಲಿ ಸೊನ್ನೆಗಿಳಿಯಿತು. ನಮ್ಮಲ್ಲೂ ಮೆಟಾನಿಲ್ ಹಳದಿ ಬೆರೆತ ಪುಡಿ ಸಿಗುವುದು ಗುಟ್ಟಲ್ಲ. ಆರೋಗ್ಯಕ್ಕೆಂದು ಕೊಳ್ಳುವ ವಸ್ತುವಿಗೆ ವಿಷ ಬೆರೆಸಿಯಾದರೂ ಹಳದಿ ಹೆಚ್ಚಿಸುತ್ತಾರೆಂದರೆ, ಕೊಳ್ಳುವವರ ಕಣ್ಣು ಏನನ್ನು ಹುಡುಕುತ್ತದೆಂದು ಮಾರುವವರಿಗೆ ಚೆನ್ನಾಗಿ ಗೊತ್ತು.

ಈಗ ಖರೀದಿಗೆ ಬರುವ ಸಾರದ ಕಂಪನಿಗಳು ಕುರ್ಕುಮಿನ್ ಶೇಕಡಾ ಎಷ್ಟು ಎಂದು ಕೇಳುತ್ತವೆ. ಏಳರ ಆಸುಪಾಸು ಇರುವ ಮೇಘಾಲಯದ ಲಕಡಾಂಗ್ ತಳಿಗೆ ಅದರಿಂದಲೇ ಬೇಡಿಕೆ. 2022-23ರಲ್ಲಿ ದೇಶ ಬೆಳೆದದ್ದು 11.6 ಲಕ್ಷ ಟನ್, ಹೊರಗೆ ಹೋದದ್ದು ಒಂದೂವರೆ ಲಕ್ಷ ಟನ್ನಿನಷ್ಟು. ಉಳಿದದ್ದರಲ್ಲಿ ಹೆಚ್ಚಿನದು ನಮ್ಮ ಒಗ್ಗರಣೆಗೂ ಹೊಸ್ತಿಲಿಗೂ ಭಂಡಾರಕ್ಕೂ. ಈರೋಡಿನ ಹರಾಜಿನಲ್ಲಿ ಹಳೆಯ ಖರೀದಿದಾರ ಪ್ರಯೋಗಶಾಲೆಯ ಚೀಟಿಗೆ ಕಾಯುವುದಿಲ್ಲ. ರಾಶಿಯಿಂದ ಕೊಂಬೊಂದನ್ನು ಆಯ್ದು ಪಟ್ಟನೆ ಮುರಿಯುತ್ತಾನೆ. ಲೋಹದಂಥ ಸದ್ದು ಬರಬೇಕು. ಆಮೇಲೆ ಮುರಿದ ತುದಿಯನ್ನು ಬೆಳಕಿಗೆ ಹಿಡಿದು ಒಳಗಿನ ಬಣ್ಣ ನೋಡುತ್ತಾನೆ.